ಐದು ಇಂದ್ರಿಯಗಳಿಗೆ ಮುಂಗಾರಿನ ಪ್ರಸಾದ

ಕಾಲಚಕ್ರವು ಒಂದು ಋತುವಿನಿಂದ ಮತ್ತೊಂದು ಋತುವಿಗೆ ಹೊರಳುವ ಸಂಧಿಕಾಲವನ್ನು ನಮ್ಮ ಹಿರಿಯರು ಬಹು ಎಚ್ಚರದಿಂದ ಗಮನಿಸುತ್ತಿದ್ದರು. ತಿಥಿ ವಾರಗಳನ್ನು ಅವರು ಪಂಚಾಂಗದಿಂದ ತಿಳಿಯುತ್ತಿದ್ದರು. ಋತುವನ್ನು ಮೂಗಿನಿಂದ, ನಾಲಗೆಯಿಂದ, ಕಣ್ಣಿನಿಂದ, ಮೈಯಿಂದ, ಕಿವಿಯಿಂದ ತಿಳಿಯುತ್ತಿದ್ದರು. ಮಹಾಶಿವರಾತ್ರಿಯ ಜಾಗರಣೆ ಮುಗಿಯಿತೆಂದರೆ ಚಳಿಯು ‘ಶಿವ ಶಿವ’ ಎನ್ನುತ್ತ ಹೊರಟುಹೋಗುತ್ತದೆ ಎಂಬ ಮಾತು ಇಂದಿಗೂ ನಮ್ಮ ಮನೆಗಳಲ್ಲಿದೆ. ಯುಗಾದಿಯಂದು ಎತ್ತುಗಳ ಮೈತೊಳೆದು, ಪೂಜಿಸಿ, ಹೊನ್ನಾರು ಹೂಡಿ, ಹೊಲದಲ್ಲಿ ಒಂದೆರಡು ಸಾಲು ಎಳೆಯುವ ಪದ್ಧತಿ ಹಳೆಯ ಮೈಸೂರಿನ ಊರುಗಳಲ್ಲಿ ನಡೆದುಬಂದಿದೆ. ವೈಶಾಖ ಶುದ್ಧ ತದಿಗೆಯ ದಿನ ವಿಶ್ವಗುರು ಬಸವಣ್ಣನವರ ಜಯಂತಿಯು ಬರುವುದೂ ಭೂಮಿಯು ಮೊದಲ ಮಳೆಗೆ ಬಾಯ್ದೆರೆದು ಕಾಯುವ ದಿನಗಳಲ್ಲಿಯೇ. ಹಬ್ಬ, ಆರು, ಮಳೆ ಈ ಮೂರೂ ಒಂದೇ ಹಗ್ಗದ ಎಳೆಗಳಂತೆ ಹೆಣೆದುಕೊಂಡಿದ್ದ ಬಾಳು ಅದು.

ಈ ಸಂಚಿಕೆಯ ಚಿಂತನೆಗೆ ಬೇಸಗೆಯು ಮಳೆಗಾಲಕ್ಕೆ ಎಡೆಗೊಡುವ ಸಂಧಿಯನ್ನು ಆರಿಸಿಕೊಂಡಿದೆ. ಅದನ್ನು ನೋಡಲು ನಾವು ನಿಲ್ಲುವ ನೆಲ ಹಾರನಹಳ್ಳಿ. ಹೊಯ್ಸಳರ ದೇಗುಲಗಳಿಂದ ಪ್ರಸಿದ್ಧವಾದ, ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿ ಬೇರೆ. ಇದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಹೋಬಳಿ ಕೇಂದ್ರ. ಪಿರಿಯಾಪಟ್ಟಣ, ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಈ ಸೀಮೆಯು ಮಲೆನಾಡಿಗೂ ಬಯಲುನಾಡಿಗೂ ನಡುವಿನ ಹೊಸ್ತಿಲಾಗಿದೆ. ಪಡುವಣಕ್ಕೆ ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಮೂಡಣಕ್ಕಿರುವ ಮೈಸೂರು ನಗರಕ್ಕೆ ಬರುವಷ್ಟರಲ್ಲಿ ಅದು ಎಂಟುನೂರರ ಆಸುಪಾಸಿಗೆ ಇಳಿದಿರುತ್ತದೆ. ಈ ಎರಡರ ನಡುವೆ ನಿಂತ ಒಕ್ಕಲಿಗನಿಗೆ ಮಳೆಯ ಕುರುಹುಗಳನ್ನು ಓದುವುದು ಹೊಟ್ಟೆಯ ಪ್ರಶ್ನೆ. ಹತ್ತು ದಿನ ಮುಂಚೆ ನೆಟ್ಟರೆ ಸಸಿ ಒಣಗುತ್ತದೆ. ಹತ್ತು ದಿನ ತಡವಾದರೆ ಹದ ತಪ್ಪುತ್ತದೆ.

ಮಳೆಯನ್ನು ನಕ್ಷತ್ರಗಳ ಹೆಸರಿನಿಂದ ಎಣಿಸುವ ಕ್ರಮ ನಮ್ಮಲ್ಲಿದೆಯಲ್ಲ, ಅದೇ ಸಾಲದೇ ಎಂದು ಕೆಲವರು ಕೇಳಬಹುದು. ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಸಾಗುವ ಈ ಲೆಕ್ಕದಲ್ಲಿ ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಈಗಿನ ಪಂಚಾಂಗಗಳಂತೆ ಏಪ್ರಿಲ್ ಕೊನೆಗೆ ಭರಣಿ, ಮೇ ಕೊನೆಗೆ ರೋಹಿಣಿ, ಜೂನ್ 22ರ ಸುಮಾರಿಗೆ ಆರಿದ್ರಾ ಹುಟ್ಟುತ್ತದೆ. ಇದು ಅನುಭವದಿಂದ ಮೂಡಿದ ಸೊಗಸಾದ ಲೆಕ್ಕವೇ ಸರಿ. ಆದರೆ ನಕ್ಷತ್ರಗಳನ್ನು ಆಧರಿಸಿದ ವರ್ಷವು ಋತುಗಳ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ಉದ್ದವಾದುದು. ಎಪ್ಪತ್ತು ಎಪ್ಪತ್ತೆರಡು ವರ್ಷಗಳಿಗೆ ಒಂದು ದಿನದಂತೆ ನಕ್ಷತ್ರದ ಲೆಕ್ಕವು ಋತುವಿನಿಂದ ಹಿಂದೆ ಸರಿಯುತ್ತ ಬಂದಿದೆ. ಹಗಲು ಬೆಳೆಯತೊಡಗುವ ನಿಜವಾದ ಉತ್ತರಾಯಣವು ಡಿಸೆಂಬರ್ 21-22ಕ್ಕೇ ಆರಂಭವಾದರೂ ನಾವು ಮಕರ ಸಂಕ್ರಾಂತಿಯನ್ನು ಜನವರಿ 14-15ಕ್ಕೆ ಆಚರಿಸುವುದಕ್ಕೆ ಕಾರಣ ಇದೇ. ಕಲ್ಯಾಣದ ಶರಣರು ಬಾಳಿದ ಹನ್ನೆರಡನೆಯ ಶತಮಾನದಿಂದ ಇಂದಿನವರೆಗೆ ಈ ಅಂತರವು ಹನ್ನೆರಡು ದಿನಗಳಷ್ಟಾಗಿದೆ. ಹೆಚ್ಚುಕಡಿಮೆ ಒಂದು ಇಡೀ ಮಳೆಯ ಅವಧಿ. ಅಂದಿನ ರೈತನು ಆರಿದ್ರಾ ಎಂದು ಕರೆದ ದಿನಗಳು ಇಂದಿನ ಲೆಕ್ಕದಲ್ಲಿ ಬಹುಮಟ್ಟಿಗೆ ಮೃಗಶಿರೆಗೆ ಸೇರುತ್ತವೆ. ಹೆಸರುಗಳು ಸರಿದವು, ಮಣ್ಣಿನ ವಾಸನೆ, ಕಪ್ಪೆಯ ಕೂಗು, ಪಡುವಣ ಗಾಳಿ ಇವು ಸರಿಯಲಿಲ್ಲ. ಆದ್ದರಿಂದಲೇ ಲೆಕ್ಕದ ಜೊತೆಗೆ ಇಂದ್ರಿಯಗಳ ಸಾಕ್ಷಿಯೂ ಬೇಕು.

ಲಿಂಗವಂತ ಗೃಹಸ್ಥರಿಗೆ ಇಂದ್ರಿಯಗಳ ವಿಷಯ ಹೊಸದಲ್ಲ. ಇಂದ್ರಿಯಗಳನ್ನು ಹಗೆಗಳೆಂದು ಬಗೆದು ಕೊಲ್ಲುವ ದಾರಿಯನ್ನು ಶರಣರು ಹಿಡಿಯಲಿಲ್ಲ. ಅವುಗಳನ್ನು ಲಿಂಗಮುಖವಾಗಿ ತಿರುಗಿಸುವ ದಾರಿಯನ್ನು ತೋರಿದರು. ಷಟ್‌ಸ್ಥಲ ಶಾಸ್ತ್ರದಲ್ಲಿ ಇದರ ಕ್ರಮ ಸ್ಪಷ್ಟವಾಗಿದೆ. ಭಕ್ತನ ಅಂಗ ಪೃಥ್ವಿ, ಇಂದ್ರಿಯ ಮೂಗು, ಲಿಂಗ ಆಚಾರಲಿಂಗ, ಅರ್ಪಿತ ಗಂಧ. ಮಾಹೇಶ್ವರನಿಗೆ ಜಲ, ನಾಲಗೆ, ಗುರುಲಿಂಗ, ರುಚಿ. ಪ್ರಸಾದಿಗೆ ಅಗ್ನಿ, ಕಣ್ಣು, ಶಿವಲಿಂಗ, ರೂಪ. ಪ್ರಾಣಲಿಂಗಿಗೆ ವಾಯು, ತ್ವಕ್ಕು, ಜಂಗಮಲಿಂಗ, ಸ್ಪರ್ಶ. ಶರಣನಿಗೆ ಆಕಾಶ, ಕಿವಿ, ಪ್ರಸಾದಲಿಂಗ, ಶಬ್ದ. ಐಕ್ಯನಿಗೆ ಆತ್ಮ, ಹೃದಯ, ಮಹಾಲಿಂಗ, ತೃಪ್ತಿ. ಮುಂಗಾರು ನಮ್ಮ ಬಳಿಗೆ ಬರುವ ಬಗೆಯನ್ನು ಈ ಕ್ರಮದಲ್ಲಿಯೇ ನೋಡಿದರೆ ಶಾಸ್ತ್ರವೂ ಹೊಲವೂ ಒಂದನ್ನೊಂದು ಬೆಳಗುವುದು ಕಾಣುತ್ತದೆ.

ಗಂಧ

ಮಳೆಯ ಸುದ್ದಿ ಮೊದಲು ಮುಟ್ಟುವುದು ಮೂಗಿಗೆ. ಫೆಬ್ರವರಿಯಿಂದ ಏಪ್ರಿಲಿನವರೆಗೆ ಕೊಡಗಿನ ತೋಟಗಳಲ್ಲಿ ಹೂಮಳೆ ಬಿದ್ದ ಒಂದು ವಾರ ಹತ್ತು ದಿನಗಳಲ್ಲಿ ಕಾಫಿಯ ಗಿಡಗಳು ಬೆಳ್ಳಗೆ ಹೂತು, ಮಲ್ಲಿಗೆಯನ್ನು ನೆನಪಿಸುವ ಪರಿಮಳವು ದಾರಿಯುದ್ದಕ್ಕೂ ಹರಡುತ್ತದೆ. ಅದೇ ದಿನಗಳಲ್ಲಿ ಹಾರನಹಳ್ಳಿಯ ಕಡೆಯ ಬಯಲಿನಲ್ಲಿ ಬೇವು, ಹೊಂಗೆ, ಹಿಪ್ಪೆಗಳ ಹೂವು ಒಂದಾದ ಮೇಲೊಂದರಂತೆ ಗಂಧ ಬೀರುತ್ತವೆ. ಆಮೇಲೆ ಬರುವುದು ಕಾದ ಕೆಮ್ಮಣ್ಣಿನ ಮೇಲೆ ಮೊದಲ ಹನಿ ಬಿದ್ದಾಗಿನ ಆ ವಾಸನೆ.

ಈ ವಾಸನೆಯ ಮೂಲವನ್ನು ಶೋಧಿಸಿದವರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಮುಖ್ಯರು. ಒಣ ದಿನಗಳಲ್ಲಿ ಕಲ್ಲು ಮಣ್ಣುಗಳು ಗಿಡಮರಗಳಿಂದ ಹೊರಟ ಎಣ್ಣೆಯಂಥ ದ್ರವ್ಯಗಳನ್ನು ಹೀರಿಕೊಂಡಿರುತ್ತವೆ. ತೇವ ತಾಗಿದಾಗ ಅವು ಹೊರಬೀಳುತ್ತವೆ ಎಂದು 1964ರಲ್ಲಿ ಪ್ರಕಟಿಸಿ, ಅದಕ್ಕೆ ‘ಪೆಟ್ರಿಕೋರ್’ ಎಂಬ ಹೆಸರನ್ನಿಟ್ಟರು. ಇದರೊಡನೆ ಮಣ್ಣಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ತಯಾರಿಸುವ ‘ಜಿಯೋಸ್ಮಿನ್’ ಎಂಬ ವಸ್ತುವೂ ಸೇರಿರುತ್ತದೆ. ಬೀಟ್‌ರೂಟನ್ನು ಹೆಚ್ಚುವಾಗ ಗೃಹಿಣಿಯರ ಅನುಭವಕ್ಕೆ ಬರುವ ಮಣ್ಣುವಾಸನೆಗೂ ಅದೇ ಕಾರಣ. ಲಕ್ಷ ಕೋಟಿ ಭಾಗಗಳಲ್ಲಿ ಕೆಲವೇ ಭಾಗಗಳಷ್ಟಿದ್ದರೂ ಮನುಷ್ಯನ ಮೂಗು ಅದನ್ನು ಗುರುತಿಸಬಲ್ಲುದು. ಉತ್ತರ ಪ್ರದೇಶದ ಕನೌಜಿನ ಅತ್ತರಿನವರು ಸುಟ್ಟ ಮಣ್ಣಿನಿಂದ ಈ ಗಂಧವನ್ನೇ ಬಟ್ಟಿಯಿಳಿಸಿ ಚಂದನದೆಣ್ಣೆಯಲ್ಲಿ ಹಿಡಿದಿಡುವ ಕಲೆಯನ್ನು ಬಹುಕಾಲದಿಂದ ಉಳಿಸಿಕೊಂಡು ಬಂದಿದ್ದಾರೆ.

ಇಲ್ಲಿ ನಮ್ಮ ಒಕ್ಕಲಿಗರು ಗಮನಿಸಬೇಕಾದ ಒಂದು ಸಂಗತಿಯಿದೆ. ಆ ಎಣ್ಣೆಯ ಅಂಶವು ಬೀಜದ ಮೊಳೆಯುವಿಕೆಯನ್ನು ನಿಧಾನಗೊಳಿಸುತ್ತದೆ ಎಂದು ಅದೇ ಇಬ್ಬರು ವಿಜ್ಞಾನಿಗಳು 1965ರಲ್ಲಿ ತೋರಿಸಿದರು. ಮೊದಲ ಹನಿಗೆ ಮರುಳಾಗದೆ, ನೆಲ ಚೆನ್ನಾಗಿ ನೆನೆಯುವವರೆಗೆ ಕಾಯುವ ಗುಣವು ಬೀಜಕ್ಕೆ ಹೀಗೆ ಒದಗುತ್ತದೆ. ‘ಮೊದಲ ಮಳೆಗೆ ಉಳು, ಎರಡನೆಯ ಮಳೆಗೆ ಬಿತ್ತು’ ಎಂಬ ಹಿರಿಯರ ಬುದ್ಧಿಮಾತು ಇದಕ್ಕೆ ಎಷ್ಟು ಹತ್ತಿರವಾಗಿದೆ!

ಈ ಸೀಮೆಯಲ್ಲಿ ಗಂಧದ ಮತ್ತೊಂದು ಅಧ್ಯಾಯವೂ ಇದೆ. ಹುಣಸೂರು, ಪಿರಿಯಾಪಟ್ಟಣಗಳು ಹೊಗೆಸೊಪ್ಪಿನ ಸೀಮೆ. 1984ರಲ್ಲಿ ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಆರಂಭವಾದಂದಿನಿಂದ ಈ ಬೆಳೆಯು ಅನೇಕ ಮನೆಗಳಿಗೆ ನಗದು ಹಣವನ್ನೂ, ಮಕ್ಕಳ ಓದಿಗೆ ಆಸರೆಯನ್ನೂ ತಂದಿದೆ, ಇದನ್ನು ಅಲ್ಲಗಳೆಯಲಾಗದು. ಮೇ ತಿಂಗಳ ಮಳೆಗೆ ಸಸಿ ನೆಟ್ಟು, ಜುಲೈನಿಂದ ಎಲೆ ಮುರಿದು, ಬ್ಯಾರನ್ನಿನಲ್ಲಿ ಹದ ಮಾಡುವ ದಿನಗಳಲ್ಲಿ ಊರಿನ ಗಾಳಿಯೆಲ್ಲ ಬೆಂದ ಎಲೆಯ, ಉರಿದ ಸೌದೆಯ ವಾಸನೆಯಿಂದ ತುಂಬಿರುತ್ತದೆ. ಒಂದು ಕಿಲೋ ಹದವಾದ ಎಲೆಗೆ ಸುಮಾರು ನಾಲ್ಕೈದು ಕಿಲೋ ಸೌದೆ ಬೇಕಾಗುತ್ತದೆ. ಬದುವಿನ ಮೇಲಿದ್ದ ಹೊಂಗೆ, ಹಿಪ್ಪೆ, ಬೇವುಗಳು ಸೌದೆಯಾದರೆ ಬೇಸಗೆಯ ಕೊನೆಯನ್ನು ಮೂಗಿಗೆ ತಿಳಿಸುವವರು ಯಾರು? ಭಕ್ತಸ್ಥಲದ ಭಕ್ತಿಗೆ ಶ್ರದ್ಧಾಭಕ್ತಿ ಎಂದು ಹೆಸರು. ಪ್ರತಿ ಕುಟುಂಬವೂ ತನ್ನ ಬದುವಿನ ಮೇಲೆ ವರ್ಷಕ್ಕೆ ನಾಲ್ಕು ಹೊಂಗೆಯ ಸಸಿಗಳನ್ನು ನೆಟ್ಟು ಉಳಿಸಿದರೆ ಭೂಮಿಗೆ ಸಲ್ಲಿಸುವ ಶ್ರದ್ಧೆ ಅದೇ ಆಗುತ್ತದೆ.

ರುಚಿ

ಎರಡನೆಯದು ಜಲ ಮತ್ತು ನಾಲಗೆ. ಯುಗಾದಿಯ ಬೇವುಬೆಲ್ಲ, ಚೈತ್ರದ ಪಾನಕ ಕೋಸಂಬರಿ, ಮಾವಿನ ಮಿಡಿಯ ಉಪ್ಪಿನಕಾಯಿ ಇವೆಲ್ಲ ಬೇಸಗೆಯ ರುಚಿಗಳು. ಬಾವಿಯ ನೀರು ತಳ ಮುಟ್ಟಿದಾಗ ಅದರ ಸಪ್ಪೆ ಅಥವಾ ಉಪ್ಪು ಹೆಚ್ಚಿದ್ದನ್ನು ಮೊದಲು ಕಂಡುಕೊಳ್ಳುವವರು ಮನೆಯ ಹೆಂಗಸರು. ಬೇಳೆ ಬೇಯಲು ಹಿಡಿಯುವ ಹೊತ್ತು ಅವರಿಗೆ ನೀರಿನ ಗುಣವನ್ನು ಹೇಳುತ್ತದೆ.

ಮಳೆ ಬಿದ್ದು ಹದಿನೈದು ದಿನಗಳಾಗುವಷ್ಟರಲ್ಲಿ ರುಚಿ ಬದಲಾಗುತ್ತದೆ. ಹೊಲದ ಬದುಗಳಲ್ಲಿ ಯಾರೂ ಬಿತ್ತದೆ ಅಣ್ಣೆ, ಕಿರುಕಸಾಲೆ, ಗಣಿಕೆ, ಹೊನಗೊನ್ನೆ ಮೊದಲಾದ ಸೊಪ್ಪುಗಳು ಚಿಗುರುತ್ತವೆ. ಸೊಸೆಯನ್ನು ಜೊತೆಗೆ ಕರೆದುಕೊಂಡು ಹೋಗಿ, ಯಾವುದನ್ನು ಕೀಳಬೇಕು, ಯಾವುದನ್ನು ಬಿಡಬೇಕು ಎಂದು ಅತ್ತೆಯು ತೋರಿಸಿಕೊಡುತ್ತಿದ್ದ ಪಾಠವು ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಅವನ್ನೆಲ್ಲ ಸೇರಿಸಿ ಮಾಡುವ ಬೆರಕೆ ಸೊಪ್ಪಿನ ಸಾರು, ಅದರೊಡನೆ ಬಿಸಿ ರಾಗಿಮುದ್ದೆ. ಮಳೆಗಾಲದ ಮೊದಲ ಪ್ರಸಾದವೆಂದರೆ ಇದು. ಹುತ್ತದ ಮಗ್ಗುಲಲ್ಲಿ ಏಳುವ ಅಣಬೆ, ಕೊಡಗಿನ ಅಂಚಿನಲ್ಲಿ ಸಿಗುವ ಕಳಲೆ ಇವೂ ಇದೇ ಕಾಲದವು. ಅಣಬೆಯಲ್ಲಿ ವಿಷದ ಜಾತಿಗಳೂ ಉಂಟಾದ್ದರಿಂದ ಬಲ್ಲವರು ಕಿತ್ತದ್ದನ್ನೇ ಬಳಸಬೇಕು. ಕಳಲೆಯನ್ನು ನೀರು ಬದಲಿಸಿ ನೆನೆಯಿಟ್ಟು, ಬೇಯಿಸಿಯೇ ಉಣ್ಣಬೇಕು.

ಕಳೆನಾಶಕವನ್ನು ಸಿಂಪಡಿಸಿದ ಹೊಲದಲ್ಲಿ ಈ ಸೊಪ್ಪುಗಳು ಏಳುವುದಿಲ್ಲ; ಎದ್ದರೂ ತಿನ್ನಲು ಯೋಗ್ಯವಲ್ಲ. ಹೊಲದ ಒಂದು ಅಂಚನ್ನಾದರೂ ಔಷಧಿ ತಾಗದಂತೆ ಬಿಡುವ ನಿಷ್ಠೆ ಮನೆಯ ಯಜಮಾನನಿಗಿರಲಿ. ಮಾಹೇಶ್ವರನ ಭಕ್ತಿಯು ನಿಷ್ಠಾಭಕ್ತಿಯೇ ತಾನೆ! ಜೂನ್ ಜುಲೈಗಳಲ್ಲಿ ಕಾವೇರಿಯು ಕೆಂಪೇರಿ ಹರಿಯುವಾಗ, ಕೆರೆ ಬಾವಿಗಳಿಗೆ ಹೊಸನೀರು ಬಂದಾಗ, ನೀರನ್ನು ಶೋಧಿಸಿ ಕುದಿಸಿ ಕುಡಿಯುವ ಕಟ್ಟುನಿಟ್ಟೂ ಈ ನಿಷ್ಠೆಗೆ ಸೇರಿದುದು.

ರೂಪ

ಮೂರನೆಯದು ಅಗ್ನಿ, ಕಣ್ಣು. ಬೇಸಗೆಯ ನಡುವೆ ಮುತ್ತುಗದ ಕೆಂಡದಂಥ ಹೂವು, ಆಮೇಲೆ ಕಕ್ಕೆಯ ಹೊನ್ನಿನ ಗೊಂಚಲು, ಹೊಂಗೆಯ ತಳಿರು ಇವು ಕಣ್ಣಿಗೆ ಬರುವ ಕುರುಹುಗಳು. ಕಕ್ಕೆ ಹೂತ ಮೇಲೆ ಒಂದೂವರೆ ತಿಂಗಳಿಗೆ ಮಳೆಗಾಲ ಎಂದು ಎಣಿಸುವ ವಾಡಿಕೆಯೂ ಇದೆ. ಮಧ್ಯಾಹ್ನದ ಮೇಲೆ ಬೆಟ್ಟದ ಹಿಂದೆ ಹೂಕೋಸಿನಂತೆ ಮೋಡ ಮೇಲೇಳುತ್ತದೆ. ಅದರ ತಳ ಕಪ್ಪಾಗಿ, ನೆತ್ತಿ ಚಪ್ಪಟೆಯಾದರೆ ಗುಡುಗುಮಳೆಯು ಸಮೀಪಿಸಿತೆಂದು ತಿಳಿಯಬೇಕು.

ಈ ನಾಡಿನಲ್ಲಿ ಆಕಾಶದ ಅಗ್ನಿಯನ್ನು ನೆನೆಯುವಾಗ ಬೆಟ್ಟದಪುರವನ್ನು ಬಿಡುವಂತಿಲ್ಲ. ಬಯಲಿನ ನಡುವೆ ಶಂಕುವಿನಂತೆ ಎದ್ದು ನಿಂತ, ಸಮುದ್ರಮಟ್ಟದಿಂದ ನಾಲ್ಕು ಸಾವಿರ ಅಡಿಗೂ ಎತ್ತರವಾದ ಆ ಬೆಟ್ಟದ ನೆತ್ತಿಯಲ್ಲಿ ಅನ್ನದಾನಿ ಮಲ್ಲಿಕಾರ್ಜುನನ ಗುಡಿಯಿದೆ. ಚೆಂಗಾಳ್ವ ಅರಸರಿಗೆ ಆರಾಧ್ಯನಾಗಿದ್ದ ಈ ದೇವನನ್ನು ಜನ ಸಿಡಿಲು ಮಲ್ಲಿಕಾರ್ಜುನನೆಂದು ಕರೆಯುತ್ತಾರೆ. ಸಿಡಿಲು ಬಂದು ಲಿಂಗವನ್ನು ಮುಟ್ಟಿ ಹೋಗುತ್ತದೆ ಎಂಬುದು ಆ ಸೀಮೆಯ ಭಕ್ತರ ನಂಬಿಕೆ. ಮೂರು ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಿ ಅಲ್ಲಿ ನಿಂತವರಿಗೆ ಆ ನಂಬಿಕೆಯ ಹಿಂದಿನ ಲೋಕಾನುಭವವೂ ಅರಿವಾಗುತ್ತದೆ: ಸುತ್ತಲೂ ತಗ್ಗಿರುವಾಗ ಒಂಟಿಯಾಗಿ ಎತ್ತರಕ್ಕೆ ನಿಂತದ್ದನ್ನೇ ಸಿಡಿಲು ಹುಡುಕಿಕೊಂಡು ಬರುತ್ತದೆ. ಮಿಂಚಿನ ದಾರಿಯ ಗಾಳಿಯು ಒಂದು ಕ್ಷಣ ಸೂರ್ಯನ ಮೇಲ್ಮೈಗಿಂತ ಐದು ಪಟ್ಟು ಬಿಸಿಯೇರುತ್ತದೆ. ಅದೇ ಕಾವಿನಲ್ಲಿ ಗಾಳಿಯ ಸಾರಜನಕವು ಆಮ್ಲಜನಕದೊಡನೆ ಕೂಡಿ, ಮಳೆಯಲ್ಲಿ ಕರಗಿ, ನೆಲಕ್ಕೆ ಗೊಬ್ಬರವಾಗಿ ಇಳಿಯುತ್ತದೆ.

ಪ್ರಸಾದಿಯ ಭಕ್ತಿಗೆ ಅವಧಾನಭಕ್ತಿ ಎಂದು ಹೆಸರು. ಅವಧಾನವೆಂದರೆ ಎಚ್ಚರ. ಏಪ್ರಿಲ್ ಮೇ ತಿಂಗಳ ಗುಡುಗುಮಳೆಗಳಲ್ಲಿ ಹೊಲದ ಕೆಲಸದವರೂ ಕುರಿಗಾಹಿಗಳೂ ಸಿಡಿಲಿಗೆ ಬಲಿಯಾಗುವ ಸುದ್ದಿಯನ್ನು ಪ್ರತಿವರ್ಷವೂ ಓದುತ್ತೇವೆ. ಮಳೆಗೆ ನೆನೆಯದಿರಲೆಂದು ಮರದ ಕೆಳಗೆ ನಿಂತವರೇ ಅವರಲ್ಲಿ ಅನೇಕರು. ಮಿಂಚು ಕಂಡೊಡನೆ ಎಣಿಸಲು ತೊಡಗಿರಿ. ಗುಡುಗು ಕೇಳುವವರೆಗಿನ ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಮೂವತ್ತರೊಳಗೆ ಗುಡುಗು ಕೇಳಿದರೆ ಕೆಲಸ ಬಿಟ್ಟು ಗಟ್ಟಿಯಾದ ಕಟ್ಟಡವನ್ನು ಸೇರಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಬರಬಾರದು. ದನಗಳನ್ನು ಒಂಟಿ ಮರಕ್ಕೆ ಕಟ್ಟಬಾರದು. ಸಿಡಿಲು ತಾಗಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಅವರನ್ನು ಹೆದರದೆ ಮುಟ್ಟಿ, ಉಸಿರು ನಿಂತಿದ್ದರೆ ಕೂಡಲೇ ಎದೆಯೊತ್ತಿ ಉಪಚರಿಸಿ, ಆಸ್ಪತ್ರೆಗೆ ಸಾಗಿಸಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಮೊಬೈಲಿಗಾಗಿ ‘ಸಿಡಿಲು’ ಎಂಬ ಹೆಸರಿನ ಮುನ್ನೆಚ್ಚರಿಕೆಯ ಸಾಧನವನ್ನು ರೂಪಿಸಿದೆ. ಮನೆಯ ಯುವಕರು ಹಿರಿಯರಿಗೆ ಇಂಥವನ್ನು ಬಳಸಲು ಕಲಿಸಿಕೊಡುವುದು ಒಂದು ಸೇವೆ.

ಸ್ಪರ್ಶ

ನಾಲ್ಕನೆಯದು ವಾಯು, ತ್ವಕ್ಕು. ಹೊಸ್ತಿಲಿನ ಕಲ್ಲು ಸಂಜೆಯಾದರೂ ಆರದೆ ಕಾಲು ಸುಡುತ್ತದೆ; ಬೆವರು ಒಣಗುವುದಿಲ್ಲ; ರಾತ್ರಿಯಿಡೀ ಉಬ್ಬೆ. ಗಾಳಿಯಲ್ಲಿ ನೀರಿನ ಅಂಶ ತುಂಬಿದಾಗ ಬೆವರು ಆವಿಯಾಗಲಾರದು; ಆದ್ದರಿಂದ ಈ ಸಂಕಟವು ಮಳೆಯ ಮುನ್ಸೂಚನೆಯೇ ಆಗಿದೆ. ಮನೆಯೊಳಗಿನ ವಸ್ತುಗಳೂ ಈ ಸುದ್ದಿಯನ್ನು ಹೇಳುತ್ತವೆ. ಜಾಡಿಯ ಉಪ್ಪು ನೀರೊಡೆಯುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಬೆಂಕಿಕಡ್ಡಿ ಹೊತ್ತಿಕೊಳ್ಳಲು ಮೊಂಡುತನ ಮಾಡುತ್ತದೆ.

ಒಂದು ದಿನ ಗಾಳಿ ತಿರುಗುತ್ತದೆ. ಮೇ ತಿಂಗಳ ಮಳೆಯ ಮುಂಚಿನ ಗಾಳಿಯು ದೂಳನ್ನೆಬ್ಬಿಸಿ, ಹೆಂಚು ಹಾರಿಸಿ, ಅರ್ಧ ಗಂಟೆಯಲ್ಲಿ ಅಡಗುವಂಥದು. ಜೂನಿನಲ್ಲಿ ಪಡುವಣದಿಂದ, ಕೊಡಗಿನ ಬೆಟ್ಟಗಳ ಮೇಲಿನಿಂದ ಬೀಸುವ ಗಾಳಿಯ ನಡೆ ಬೇರೆ. ಅದು ಹಗಲಿರುಳೂ ಒಂದೇ ಸಮನೆ ಬೀಸುತ್ತದೆ. ಅದರ ಜೊತೆಗೆ ಮೋಡಗಳು ತಗ್ಗಿನಲ್ಲಿ ಸಾಲುಗಟ್ಟಿ ಸಾಗುತ್ತವೆ. ಸದ್ದಿಲ್ಲದ ಸೋನೆಮಳೆಯು ಮುಖವನ್ನು ತಂಪಾಗಿಸುತ್ತದೆ. ಮುಂಜಾನೆ ಹಿತ್ತಲಿಗೆ ಬಂದು ಪಡುವಣಕ್ಕೆ ಮುಖಮಾಡಿ ನಿಂತವನಿಗೆ ಇದು ಗುಡುಗುಮಳೆಯೋ ಮುಂಗಾರೋ ಎಂಬುದು ಕೆನ್ನೆಯ ಮೇಲೆಯೇ ತಿಳಿಯುತ್ತಿತ್ತು. ಪ್ರಾಣಲಿಂಗಿಯದು ಅನುಭಾವದ ಭಕ್ತಿ. ಮೈಯಿಂದ ತಿಳಿದದ್ದು ಮರೆಯುವುದಿಲ್ಲವಾದ್ದರಿಂದ, ಮಕ್ಕಳನ್ನು ಕಿಟಕಿಯ ಗಾಜಿನ ಹಿಂದೆಯೇ ಕೂಡಿಸದೆ, ಗುಡುಗಿಲ್ಲದ ಸೋನೆಯಲ್ಲಿ ಒಮ್ಮೆಯಾದರೂ ಅಂಗಳಕ್ಕೆ ಬಿಡಬೇಕು.

ಶಬ್ದ

ಐದನೆಯದು ಆಕಾಶ, ಕಿವಿ. ಬೇಸಗೆಯುದ್ದಕ್ಕೂ ಕೂಗಿದ ಕೋಗಿಲೆಯ ದನಿ ಮಳೆ ಬಲಿತಂತೆ ವಿರಳವಾಗುತ್ತದೆ. ಕೊಡಗಿನ ಅಂಚಿನ ಕಾಡುಗಳಲ್ಲಿ ಜೀರುಂಡೆಗಳ ಮೊರೆತವು ಮಳೆಗೆ ಮುನ್ನ ಕಿವಿಗಡಚಿಕ್ಕುತ್ತದೆ. ಆಫ್ರಿಕಾದಿಂದ ಮುಂಗಾರಿನ ಗಾಳಿಯೊಡನೆ ಭಾರತಕ್ಕೆ ಬರುವ ಚಾತಕವನ್ನು ನಮ್ಮ ಕವಿಗಳೆಲ್ಲ ಕೊಂಡಾಡಿದ್ದಾರೆ. ದಕ್ಷಿಣದಲ್ಲಿ ವರ್ಷವಿಡೀ ನೆಲೆಸಿರುವ ಚಾತಕಗಳೂ ಉಂಟು. ನೆಲ ನೆನೆದ ಇರುಳು ಕಪ್ಪೆಗಳ ಮೇಳ ಆರಂಭವಾಗುತ್ತದೆ. ಒಣ ತಿಂಗಳುಗಳಲ್ಲಿ ಮಣ್ಣಿನೊಳಗೆ ಹೂತುಕೊಂಡು ಕುಳಿತಿದ್ದ ಜಾತಿಗಳೂ ಆ ಇರುಳು ಮೇಲೆದ್ದು ಬರುತ್ತವೆ. ಅದರ ಮುಸ್ಸಂಜೆಯಲ್ಲಿಯೇ ಹುತ್ತಗಳಿಂದ ರೆಕ್ಕೆಯ ಗೆದ್ದಲುಗಳು ಎದ್ದು ದೀಪವನ್ನು ಮುತ್ತುತ್ತವೆ.

ಅಕ್ಕಮಹಾದೇವಿಯು ತನ್ನ ಚೆನ್ನಮಲ್ಲಿಕಾರ್ಜುನನ ಸುಳಿವನ್ನು ಗಿಳಿ, ಕೋಗಿಲೆ, ದುಂಬಿಗಳನ್ನು ಕೇಳುತ್ತ ಅಲೆದಳು ಎಂಬುದನ್ನು ನಾವೆಲ್ಲರೂ ಬಲ್ಲೆವು. ಅವುಗಳ ದನಿಗೆ ಕಿವಿಗೊಟ್ಟವರು ಮಾತ್ರ ಹಾಗೆ ಕೇಳಬಲ್ಲರು. ಆಕಾಶದ ಶಬ್ದವೆಂದಾಗ ಮೈಸೂರಿನವರಿಗೆ ಇನ್ನೊಂದು ನೆನಪೂ ಬರುತ್ತದೆ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಕೃಷಿಯ ಕಾರ್ಯಕ್ರಮವನ್ನೂ ಹವಾಮಾನದ ವರದಿಯನ್ನೂ ಜಗಲಿಯ ಮೇಲೆ ಕುಳಿತು ಊರೇ ಕೇಳುತ್ತಿದ್ದ ಕಾಲವೊಂದಿತ್ತು. ಕೇಳುವ ಸಾಧನಗಳು ಬದಲಾಗಿವೆ. ಒಂದಾಗಿ ಕುಳಿತು ಕೇಳಿ ಮಾತಾಡಿಕೊಳ್ಳುವ ಆನಂದವು ಮನೆಗಳಲ್ಲಿ ಉಳಿಯಬೇಕು. ಶರಣಸ್ಥಲದ ಭಕ್ತಿಯು ಆನಂದಭಕ್ತಿ.

ತೃಪ್ತಿ

ಐದೂ ಇಂದ್ರಿಯಗಳು ತಂದ ಸುದ್ದಿಯನ್ನು ಕೂಡಿಸಿ ನಿರ್ಧಾರಕ್ಕೆ ಬರುವುದು ಹೃದಯ. ಬಿತ್ತಬೇಕೇ, ಇನ್ನೂ ಕಾಯಬೇಕೇ? ಈ ಪ್ರಶ್ನೆ ಈಚಿನ ವರ್ಷಗಳಲ್ಲಿ ಬಹಳ ಕಠಿಣವಾಗಿದೆ. ಕೇರಳದ ಕರಾವಳಿಗೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1. 2023ರಲ್ಲಿ ಅದು ಬಂದುದು ಜೂನ್ 8ಕ್ಕೆ. ಆ ವರ್ಷ ಮಳೆ ಕೈಕೊಟ್ಟು, ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟವು. 2024ರಲ್ಲಿ ಮೇ 30ಕ್ಕೆ, 2025ರಲ್ಲಿ ಮೇ 24ಕ್ಕೇ ಮುಂಗಾರು ಬಂದಿತು. ಮೂರು ವರ್ಷಗಳಲ್ಲಿ ಹದಿನೈದು ದಿನಗಳ ಹೊಯ್ದಾಟ! ಒಂದು ಮಳೆನಕ್ಷತ್ರದ ಅವಧಿಗಿಂತಲೂ ಇದು ಹೆಚ್ಚು. ಭೂಮಿಯ ಗಾಳಿ, ಕಡಲು ಬಿಸಿಯೇರುತ್ತಿರುವ ಈ ಕಾಲದಲ್ಲಿ ಕೆಲವು ಮರಗಳು ವಾಡಿಕೆಗಿಂತ ಮುಂಚೆಯೇ ಹೂಬಿಡುತ್ತಿವೆ; ಕಕ್ಕೆಯ ಹೂವು ವಿಷುವಿಗೆ ಬಹು ಮೊದಲೇ ಅರಳಿ ಉದುರುತ್ತಿದೆ ಎಂದು ನೆರೆಯ ಕೇರಳದವರು ಗಮನಿಸಿದ್ದಾರೆ.

ಇಂಥ ಹೊತ್ತಿನಲ್ಲಿ ಒಂದೇ ಕುರುಹನ್ನು ನಂಬಿ ಹೊರಡುವುದು ಅಪಾಯ. ಕಕ್ಕೆ ಹೂತಿದೆ, ಆದರೆ ಗಾಳಿ ತಿರುಗಿಲ್ಲ. ಮಣ್ಣು ಗಂಧ ಬೀರಿದೆ, ಆದರೆ ಗುದ್ದಲಿಯಲ್ಲಿ ಅಗೆದರೆ ಗೇಣುದ್ದವೂ ನೆನೆದಿಲ್ಲ ಎಂದರೆ ತಾಳ್ಮೆಯೇ ಮೇಲು. ಹವಾಮಾನ ಇಲಾಖೆಯ ಮುನ್ಸೂಚನೆಯು ನೂರಾರು ಮೈಲಿ ಆಚೆಯ ಕಡಲನ್ನು ನೋಡಬಲ್ಲುದು; ನಮ್ಮ ಹೊಲದ ತೇವವನ್ನು ನೋಡಬಲ್ಲವರು ನಾವೇ. ಎರಡನ್ನೂ ಕೂಡಿಸಿದವನಿಗೆ ನಷ್ಟ ಕಡಿಮೆ. ಶರಣರಲ್ಲಿ ಒಕ್ಕಲಿಗ ಮುದ್ದಣ್ಣನವರು ಬೇಸಾಯವನ್ನೇ ಕಾಯಕವಾಗಿ ನಡೆಸಿ ವಚನಗಳನ್ನು ರಚಿಸಿದರು. ನೆಲದ ಹದವನ್ನೂ ಮನದ ಹದವನ್ನೂ ಒಂದೇ ಕಣ್ಣಿನಿಂದ ನೋಡುವ ಆ ಸಾಮರಸ್ಯವು ನಮ್ಮ ಸಮಾಜದ ಆಸ್ತಿ. ಬಂದಷ್ಟು ಮಳೆಯನ್ನು ಬದು ಕಟ್ಟಿ ಹಿಡಿದು, ಬೆಳೆದಷ್ಟನ್ನು ದಾಸೋಹಕ್ಕೆ ಒಂದು ಪಾಲು ತೆಗೆದಿಟ್ಟು ಉಂಡವನ ತೃಪ್ತಿಯೇ ಮಹಾಲಿಂಗಕ್ಕೆ ಸಲ್ಲುವ ಅರ್ಪಿತ.

ನಗರವನ್ನು ಸೇರಿದ ಕುಟುಂಬಗಳಿಗೆ ಇದರಿಂದ ಏನು ಎಂದು ಓದುಗರು ಕೇಳಬಹುದು. ಮೈಸೂರಿನಲ್ಲಿ, ಬೆಂಗಳೂರಿನಲ್ಲಿ, ಹೊರನಾಡಿನಲ್ಲಿರುವ ಮಕ್ಕಳಿಗೂ ಐದು ಇಂದ್ರಿಯಗಳಿವೆ. ಅವು ಬಳಕೆಯಿಲ್ಲದೆ ಮಂಕಾಗಬಾರದು. ಪ್ರತಿ ಮನೆಯಲ್ಲಿ ಒಂದು ದಪ್ಪ ನೋಟ್‌ಪುಸ್ತಕವಿರಲಿ. ಬೀದಿಯ ಹೊಂಗೆ ಚಿಗುರಿದ ದಿನ, ಮೊದಲ ಮಣ್ಣುವಾಸನೆ ಬಂದ ದಿನ, ಉಪ್ಪು ನೀರೊಡೆದ ದಿನ, ಕಪ್ಪೆ ಕೂಗಿದ ದಿನ, ಗಾಳಿ ತಿರುಗಿದ ದಿನ, ಇವನ್ನು ಮಕ್ಕಳ ಕೈಯಿಂದಲೇ ಬರೆಸಿರಿ. ರಜೆಗೆ ಊರಿಗೆ ಹೋದಾಗ ಅಜ್ಜ ಅಜ್ಜಿಯರ ಮಾತನ್ನೂ ಅದರಲ್ಲಿ ಸೇರಿಸಲಿ. 2010ರಲ್ಲಿ ಆರಂಭವಾದ ‘ಸೀಸನ್‌ವಾಚ್’ ಎಂಬ ಯೋಜನೆಯಡಿ ದೇಶದ ಸಾವಿರಾರು ವಿದ್ಯಾರ್ಥಿಗಳು ತಮ್ಮ ಬಳಿಯ ಮರಗಳ ಚಿಗುರು, ಹೂವು, ಕಾಯಿಗಳನ್ನು ಹೀಗೆಯೇ ದಾಖಲಿಸುತ್ತಿದ್ದಾರೆ. ಇಂಥ ಲೆಕ್ಕಗಳು ವಿಜ್ಞಾನಿಗಳಿಗೂ ಉಪಯುಕ್ತವಾಗಿವೆ. ಹತ್ತು ವರ್ಷ ತುಂಬಿದ ಅಂಥ ಪುಸ್ತಕವು ಮನೆಯ ಬೀರುವಿನಲ್ಲಿರುವ ಬೆಳ್ಳಿಯ ಸಾಮಾನಿಗಿಂತ ಬೆಲೆಯುಳ್ಳದ್ದಾಗುತ್ತದೆ.

ಮುಂಜಾನೆ ವಿಭೂತಿ ಧರಿಸಿ, ಇಷ್ಟಲಿಂಗವನ್ನು ಕರಸ್ಥಲಕ್ಕೆ ತಂದುಕೊಳ್ಳುವ ಮುನ್ನ ಒಂದು ಗಳಿಗೆ ಬಾಗಿಲು ತೆರೆದು ನಿಂತು ನೋಡಿರಿ. ಯಾವ ಕಡೆಯ ಗಾಳಿ, ಯಾವ ಹೂವಿನ ಗಂಧ, ಯಾವ ಹಕ್ಕಿಯ ದನಿ ಎಂಬುದನ್ನು ಗಮನಿಸಿ, ಅದನ್ನೇ ಅಂದಿನ ಮೊದಲ ಅರ್ಪಿತವನ್ನಾಗಿ ಮಾಡಿರಿ. ಮುಂಬರುವ ಮುಂಗಾರು ಹಾರನಹಳ್ಳಿಯ ಹೊಲಗಳಿಗೂ ನಾಡಿನ ಎಲ್ಲ ಹೊಲಗಳಿಗೂ ಹದವಾಗಿ ಬರಲಿ. ಬಂದುದನ್ನು ಅರಿಯುವ ಇಂದ್ರಿಯಗಳನ್ನು ಬಸವಾದಿ ಪ್ರಮಥರು ನಮ್ಮ ಮಕ್ಕಳಲ್ಲಿ ಎಚ್ಚರವಾಗಿರಿಸಲಿ.